ಯಶಿಕಜ್ಜಿಯ ಪಾಲು

ಶಿರಾ
ಪಾಲುಶಕ ಮೂವತ್ತೊಂದು, ನಿಮ್ಮ ಎಣಿಕೆಯಲ್ಲಿ ೨೦೯೮ರ ಬೇಸಿಗೆ

ಮುತ್ತಜ್ಜಿ ಚೇತನಾಳಿಗೆ,

ನಿನ್ನ ಮರಿಮಗಳು ಬರೆಯುತ್ತಿದ್ದೇನೆ. ಈ ಪತ್ರ ಕೈ ಸೇರುವಾಗ ನೀನು ನನಗಿಂತ ಚಿಕ್ಕವಳಿದ್ದರೂ ಇರಬಹುದು. ಅಜ್ಜಿ ಎನ್ನಲೋ ತಂಗಿ ಎನ್ನಲೋ ತಿಳಿಯದು. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮಿಸು. ನನ್ನ ಮಗುವಿಗೆ ಜ್ವರ ಬಂದಾಗಿನಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ; ಕಾಲೇಜಿನಲ್ಲಿ ಕಲಿತ ಒಪ್ಪ ಓರಣವೆಲ್ಲ ಹಾರಿಹೋಗಿದೆ.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಪಕ್ಕದಲ್ಲಿ ಈಗ ಆಡುತ್ತಿರುವ ನಿನ್ನ ಮಗಳು ಯಶಿಕಾ ಇಲ್ಲಿ ಇದ್ದಾಳೆ, ನನ್ನ ಅಜ್ಜಿಯಾಗಿ. ನಮ್ಮ ಕಾಲದಲ್ಲಿ ಯಶಿಕಾ, ಅದ್ವಿಕಾ ಎಂದರೆ ಬೊಚ್ಚುಬಾಯಿ ಮುದುಕಿಯರ ಹೆಸರು. ನಮ್ಮ ಬೀದಿಯಲ್ಲಿ ಕಿವಿ ಚುಚ್ಚಿಸಿಕೊಂಡವಳು ಅವಳೊಬ್ಬಳೇ. ಚುಚ್ಚಿದ್ದು ಕೀವಾದರೆ ಕಷ್ಟವೆಂದು ನಾವು ಆ ಶಾಸ್ತ್ರವನ್ನೇ ಬಿಟ್ಟಿದ್ದೇವೆ. ನನ್ನ ಮಗಳು ಇಬ್ಬನಿ, ಅಜ್ಜಿಯ ತೊಡೆಯೇರಿ ಆ ತೂತನ್ನೇ ನೋಡುತ್ತಾ ಕೂರುತ್ತಾಳೆ.

ಪಾಲು ಎಂದರೇನೆಂದು ಹೇಳುತ್ತೇನೆ. ಸೋಂಕನ್ನು ಕೊಲ್ಲುವ ಮದ್ದು ನಮ್ಮಲ್ಲಿ ಒಂದೇ ಉಳಿದಿದೆ. ಸಿಕ್ಕಾಪಟ್ಟೆ ಬಳಸಿದರೆ ಅದೂ ಸೋಲುತ್ತದೆಂದು ಪ್ರತಿಯೊಬ್ಬರಿಗೂ ಜೀವಮಾನಕ್ಕೆ ಒಂದೇ ಸಲ ಕೊಡುತ್ತಾರೆ. ಅದೇ ಪಾಲು. ನನ್ನದು ಹೆರಿಗೆಯಲ್ಲಿ ಮುಗಿಯಿತು, ಇಬ್ಬನಿಯದು ಹೊಕ್ಕುಳು ಕೀವಾದಾಗ. ನನ್ನ ಗಂಡ ನಿಹಾಲನದು ಒಂದು ಹುಳುಕು ಹಲ್ಲಿಗೆ ಹೋಯಿತು. “ಹಲ್ಲಿಗೆ ಜೀವ ಮಾರ್ಕಂಡ ಗಂಡ್ಸು” ಎಂದು ಅಜ್ಜಿ ಇಂದಿಗೂ ಆಡಿಕೊಳ್ಳುತ್ತಾಳೆ.

ಉಳಿದ ಮದ್ದುಗಳು ಹಲವು ಕಡೆ ಸೋತವು. ಕೋಳಿ ಫಾರಂ ಅವುಗಳಲ್ಲಿ ಒಂದು. ಕಾಯಿಲೆಯಿಲ್ಲದ ಕೋಳಿಗೂ ಬೇಗ ಮೈ ತುಂಬಲೆಂದು ಮೇವಿನಲ್ಲಿ ಮದ್ದು ಬೆರೆಸುತ್ತಿದ್ದರಂತೆ. ಸಾಯದೆ ಉಳಿದ ರೋಗಾಣುಗಳು ಮದ್ದಿಗೇ ಪಳಗಿ, ಮಾಂಸದ ಜೊತೆ ಮಾರುಕಟ್ಟೆಗೆ, ಅಲ್ಲಿಂದ ಅಡುಗೆಮನೆಗೆ ಬಂದವು. ಈಗ ಹಸಿ ಮಾಂಸ ಮನೆಗೆ ತರುವಂತಿಲ್ಲ. ಮಾರುಕಟ್ಟೆಯ ಬೇಯಿಸುಕಟ್ಟೆಯಲ್ಲೇ ಕೊಯ್ದು, ಕುದಿಸಿ, ಮುಚ್ಚಿದ ಡಬ್ಬಿಯಲ್ಲಿ ಕೊಡುತ್ತಾರೆ. ಮಸಾಲೆ ಮಾತ್ರ ಮನೆಯಲ್ಲಿ ಬೆರೆಸುತ್ತೇವೆ, ಅದು ಮಾಂಸಕ್ಕೆ ಹಿಡಿಯುವುದೇ ಇಲ್ಲ. ಅಜ್ಜಿ ಮುಖ ಕಿವುಚುತ್ತಾಳೆ. ಭಾನುವಾರ ನಿನ್ನ ಸ್ಕೂಟರಿನ ಮುಂದೆ ನಿಂತು ಬರುವಾಗ ಕರಿ ಕವರಿನ ಕೋಳಿ ಮೊಣಕಾಲಿಗೆ ಬೆಚ್ಚಗೆ ತಾಗುತ್ತಿತ್ತಂತೆ. ನೀನು ಮಾಡುತ್ತಿದ್ದ ಸಾರಿನ ಮಾತು ಬಂದರೆ ಅವಳು ಮತ್ತೆ ಮಗುವಾಗುತ್ತಾಳೆ. ನಿನ್ನನ್ನು ಬೈಯಲು ನನಗೆ ಮನಸ್ಸೇ ಬರುವುದಿಲ್ಲ.

ಇಬ್ಬನಿಯ ಸೋಂಕು ಹೊಟ್ಟೆಯಿಂದ ರಕ್ತಕ್ಕೆ ಇಳಿದಿದೆ. ಮನೆಯಲ್ಲಿ ಅಜ್ಜಿಯ ಪಾಲೊಂದೇ ಮುಟ್ಟದೆ ಉಳಿದಿತ್ತು. ಒಬ್ಬರ ಪಾಲನ್ನು ಇನ್ನೊಬ್ಬರ ಮಗುವಿಗೆ ಕೊಡುವುದಾದರೆ ಮಡಿಲು ತುಂಬುವ ಹಾಗೆ ತಾಯಿಯ ಸೆರಗಿಗೇ ಹಾಕಬೇಕು. ತಾಯಿ ಸೆರಗು ಒಡ್ಡದಿದ್ದರೆ ಮದ್ದು ಇಲ್ಲ. ಇಂದು ಬೆಳಿಗ್ಗೆ ಮದ್ದು ಹಂಚುವ ಪಾಲುಮನೆಯಲ್ಲಿ ನಿಂತಾಗ ನನ್ನ ಕೈ ಏಳಲಿಲ್ಲ. ನಾಳೆ ಅಜ್ಜಿಗೊಂದು ಮುಳ್ಳು ತರಚಿದರೆ? ಅವಳೂ ಒಬ್ಬ ತಾಯಿಯ ಮಗಳಲ್ಲವೇ ಎಂದು ನಿನ್ನ ನೆನಪಾಯಿತು.

“ಒಡ್ಡೇ ಹುಡ್ಗಿ, ನಿಂತೂ ನಿಂತೂ ಕಾಲು ಸೇದ್ತೈತೆ” ಎಂದಳು ಅಜ್ಜಿ.

“ನಿಂಗೇನಾದ್ರೂ ಆದ್ರೆ, ಅಜ್ಜಿ?”

“ಆದ್ರೆ ಆಗ್ಲಿ. ಈ ವಯಸ್ನಾಗೆ ಇದನ್ನಿಟ್ಕಂಡು ಏನು, ಉಪ್ಪಿನ್ಕಾಯಿ ಹಾಕ್ಲಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಅಳುತ್ತಾ ಸೆರಗು ಒಡ್ಡಿದೆ.

ಮದ್ದು ಶುರುವಾಗಿದೆ. ಜ್ವರ ಇನ್ನೂ ಇಳಿದಿಲ್ಲ; ಆದರೆ ಮಧ್ಯಾಹ್ನ ಇಬ್ಬನಿ ತಾನಾಗಿ ನೀರು ಕೇಳಿದಳು.

ನಿನ್ನ ಮಗಳ ಪಾಲನ್ನು ನನ್ನ ಮಗಳಿಗೆ ತೆಗೆದುಕೊಂಡೆ, ಮುತ್ತಜ್ಜಿ, ನಿನ್ನನ್ನು ಕೇಳದೆ. ಇನ್ನು ನಿನ್ನ ಮಗಳಿಗೆ ಮದ್ದೇನಾದರೂ ಉಳಿಯಬೇಕಿದ್ದರೆ ಅದನ್ನು ನೀನೇ ಉಳಿಸಬೇಕು. ಕೋಳಿ ಬಿಡು ಎನ್ನುವುದಿಲ್ಲ. ಮೇವಿಗೆ ಏನು ಹಾಕುತ್ತಾರೆಂದು ಅಂಗಡಿಯವನನ್ನು ಕೇಳು. ಅವನಿಗೆ ಗೊತ್ತಿಲ್ಲದಿದ್ದರೆ ಮುಂದಿನ ವಾರವೂ ಕೇಳು, ಅಕ್ಕಪಕ್ಕದವರೂ ಕೇಳುವ ಹಾಗೆ ಮಾಡು. ಕೋಳಿ ಹೆಚ್ಚಿದ ಮಣೆಯ ಮೇಲೇ ಈರುಳ್ಳಿ, ನಿಂಬೆಹಣ್ಣು ಹೆಚ್ಚಬೇಡ. ನೆಗಡಿಗೆಲ್ಲ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ಅವಳಿಗೆ ನುಂಗಿಸಬೇಡ.

ನಿನ್ನ ಮಗಳೀಗ ಇಬ್ಬನಿಯ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಳೆ. ಎಷ್ಟು ಹೊದಿಸಿದರೂ ಒಂದು ಪಾದ ಆಚೆ ಹಾಕುತ್ತಾಳೆ. ಅಲ್ಲೂ ಹೀಗೇನಾ? ಅಲ್ಲಿ ನೀನು ಹೊದಿಸು. ಇಲ್ಲಿ ನಾನಿದ್ದೇನೆ.

ನಿನ್ನ ಮರಿಮಗಳು
ಹೊನ್ನಿ