ಹಿತ್ತಾಳಿ ಎಸಳು

ಲಿಂಗಸುಗೂರು
ಕಾರ್ತೀಕ ಶುದ್ಧ ಪಂಚಮಿ, ಫಸಲಿ ೧೩೫೫

ನಮ್ಮ ಮನಿಯವರ ಪಾದಕ್ಕ ಗ್ಯಾನಮ್ಮ ಮಾಡುವ ನಮಸ್ಕಾರಗಳು.

ಹ್ಯಾಂಗದೀರಿ? ಹಿಂದಿನ ಕಾಗದದಾಗ ಎದಿ ಕಟ್ಟಿ ಕೆಮ್ಮು ಬರಾಕತ್ತೈತಿ ಅಂತ ಬರದಿದ್ರಿ. ಅದು ಸಿಕಂದರಾಬಾದಿನ ರೈಲು ಕಾರ್ಖಾನಿ ಹೊಗಿ ಅಂತಾರ ಅತ್ತಿಯವರು. ಮಲಗೂಮುಂದ ಬಿಸಿನೀರಾಗ ನಾಕು ಮೆಣಸು ಜಜ್ಜಿ ಹಾಕ್ಕೊಂಡು ಕುಡೀರಿ, ತಲಿಗೆ ಒದ್ದಿ ಅರಿವಿ ಕಟ್ಟಿಕೊಂಡು ಗಾಳಿಯಾಗ ನಿಂದರಬ್ಯಾಡ್ರಿ. ಖಾನಾವಳ್ಯಾಗ ಜ್ವಾಳದ ರೊಟ್ಟಿ ಸಿಗಲಿಲ್ಲಂದ್ರ ಅನ್ನಾನ ಉಣ್ರಿ, ಬರೇ ಚಾದ ಮ್ಯಾಲ ಇರಬ್ಯಾಡ್ರಿ. ಇಲ್ಲಿ ನಾವೆಲ್ಲಾರೂ ಆರಾಮ ಅದೀವಿ. ಅಮರಿ ನನ್ನ ಸೆರಗು ಎಳಕೋಂತ ಬಾಜೂಕ ಕುಂತಾಳ, ಮುಂಜಾನೆ ಬೆಲ್ಲ ಹಚ್ಚಿ ಒಂದು ರೊಟ್ಟಿ ತಿಂದಾಳ. ಇದನ್ನ ಮೊದಲ ಯಾಕ ಬರದೆ ಅಂದ್ರ, ಮುಂದಿನ ಸುದ್ದಿ ಓದಿ ನೀವು ಗಾಬರ್ಯಾಗಿ ಸಾಹೇಬರ ಹತ್ರ ರಜಾ ಕೇಳಾಕ ಓಡಬಾರದು. ಆಗಿದ್ದು ಆಗಿ ಹೋಗೈತಿ, ದೇವರು ಕಾಯ್ದಾನ.

ಮಸ್ಕಿ ಬಸ್ಸಮ್ಮ ನಿಮಗ ಗೊತ್ತು, ಎಣ್ಣಿ ಗಾಣದವರಾಕಿ. ಮಗಳ ಮದಿವಿ ಬಂದೈತಿ ಅಂತ ತನ್ನ ಕಿವ್ಯಾಗಿನ ಹಳೇ ಬೆಂಡೋಲಿ ಜೋಡಿ ತಂದು ಮಾವನವರ ಕೈಯಾಗ ಕೊಟ್ಟಿದ್ಲು. ಒಂದರ ಕಡ್ಡಿ ಮುರದಿತ್ತು. ಮಾವನವರು ಹೊಸಾ ಕಡ್ಡಿ ಬೆಸದು, ಇನ್ನ ಅದರ ಚೂಪು ಅರದಿಂದ ತಿಕ್ಕಿ ಮೊಂಡ ಮಾಡೋದು ಬಾಕಿ ಇತ್ತು, ಅಷ್ಟರಾಗ ಚಿಮಟಾದಿಂದ ಜಾರಿ ಕೆಳಗ ಬಿತ್ತು. ಅಂಗಡಿಯೆಲ್ಲಾ ಹುಡುಕಿದ್ವಿ. ಕುಂಪಟಿ ಬೂದಿ ಜಾಲಿಸಿದ್ವಿ, ಗೋಣಿ ತಟ್ಟು ಝಾಡಿಸಿದ್ವಿ. ಸಿಗಲಿಲ್ಲ. ಮರುದಿನ ಮುಂಜಾನೆ ಅಮರಿ ಎಂದಿನಂಗ ಅಜ್ಜನ ಹಿಂದ ಅಂಗಡಿಗೆ ಹೋದ್ಲು. ನಮಗ್ಯಾರಿಗೂ ಕಾಣದಿದ್ದದ್ದು ಆಕಿಗೆ ಕಾಣಿಸೈತಿ. ಮೂರು ವರ್ಷದ ಕೂಸು, ಹೊಳಿಯೋದು ಸಿಕ್ರ ಏನ ಮಾಡ್ತದ? ಬಾಯಾಗ ಹಾಕ್ಕೊಂಡೈತಿ.

ಅತ್ತಿಯವರು ಎಲಿ ಅಡಕಿ ಕೊಡಾಕ ಹೋದವರು ನೋಡಿ ಚೀರಿದ್ರು. ನಾನು ಹಿಟ್ಟಿನ ಕೈಲೇ ಓಡಿದೆ. ಅಮರಿ ಅಳಾಕತ್ತಿದ್ದಿಲ್ಲರೀ, ಅದ ನನ್ನ ಎದಿ ಒಡದದ್ದು. ಕುತಿಗಿ ಉದ್ದ ಮಾಡಿಕೊಂಡು, ಬಾಯಿಂದ ಜೊಲ್ಲು ಸುರಸ್ಕೋಂತ, ನನ್ನ ಮಾರಿ ನೋಡಾಕತ್ತಿದ್ಲು. ಉಗುಳು ಸೈತ ಒಳಗ ಹೋಗವಲ್ದು. ಓಣಿ ಮಂದಿ ಕೂಡಿತು. ಬಾಳಿಹಣ್ಣು ನುಂಗಸ್ರಿ, ಅನ್ನದ ತುತ್ತು ಒತ್ರಿ, ಬೆನ್ನಿಗೆ ಗುದ್ರಿ, ಮುದಗಲ್ಲಿನ ನಾಟಿ ವೈದ್ಯನ ಕಡೆ ಒಯ್ರಿ ಅಂತ ತಲಿಗೊಂದು ಮಾತು. ನಾನು ಯಾರ ಮಾತೂ ಕೇಳಲಿಲ್ಲ. ಕೂಸಿನ್ನ ಎದಿಗೆ ಅವಚಿಕೊಂಡು ದಂಡಿನ ಛಾವಣಿ ಕಡೆ ಸರಕಾರಿ ದವಾಖಾನಿಗೆ ಹೊಂಟೆ. ಅತ್ತಿಯವರು ಹಿಂದ. ಅವರ ಹಿಂದ ಮಾವನವರು, ಕಾಲಾಗ ಚಪ್ಪಲಿ ಇಲ್ಲ, ತಲಿಮ್ಯಾಲ ರುಮಾಲಿಲ್ಲ.

ದಾಕ್ತರ ಸಾಹೇಬರು ಹೊಸಬರು, ಗುಲಬರ್ಗಾದವರು, ನಮ್ಮಂಗ ಮಾತಾಡ್ತಾರ. ವಯಸ್ಸಿನ್ಯಾಗ ನಿಮಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಕೂಸಿನ ಕುತಿಗಿ ಮುಟ್ಟಿ, ಬಾಯಿ ತಗಸಿ ನೋಡಿ, ಏನು ನುಂಗೈತಿ ಅಂತ ಕೇಳಿದ್ರು. ಕಡ್ಡಿ ಚೂಪು ಐತಿ ಅಂದ ಕೂಡಲೆ ಮಾರಿ ಬದಲಾತು. "ಒಂದು ಅಗಳೂ ತಿನಸಬ್ಯಾಡ್ರಿ ತಂಗಿ. ತುತ್ತು ಒತ್ತಿದ್ರ ಕಡ್ಡಿ ಅನ್ನನಾಳ ತೂತು ಮಾಡ್ತದ. ರಾಯಚೂರಿಗೆ ಕಳಸೋಣ ಅಂದ್ರ ಮೋಟಾರದಾಗ ದಿನವೆಲ್ಲಾ ಕುಲುಕಾಟ, ದಾರ್ಯಾಗ ಏನಾಗ್ತದ ನಾ ಹೇಳಲಾರೆ" ಅಂದ್ರು. ಆಮ್ಯಾಲ ಕಪಾಟಿನಿಂದ ಒಂದು ಸಣ್ಣ ಕೊಳವಿ ತಗದ್ರು. ಅದನ್ನ ಗಂಟಲದಾಗ ಇಳಿಸಿ ಅದರೊಳಗಿಂದ ಚಿಮಟಾ ಹಾಕಿ ತಗೀಬೇಕಂತ. ಕೊಳವಿ ತುದಿಗೆ ಅಕ್ಕಿಕಾಳಿನಷ್ಟು ಒಂದು ಕರೆಂಟಿನ ದೀಪ. ಆ ದೀಪ ಹತ್ತಿದ್ರ ಒಳಗಿಂದು ಕಾಣಸ್ತದ, ಇಲ್ಲಂದ್ರ ಕುರುಡನ ಕೈ.

ಆ ದೀಪಕ್ಕ ಒಂದು ಕಟಗಿ ಪೆಟ್ಟಿಗಿ ಇತ್ತು, ಒಳಗ ಬ್ಯಾಟರಿ. ಪೆಟ್ಟಿಗಿ ಮ್ಯಾಲ ಒಂದು ಗುಂಡಿ, ತಿರುವಿದ್ರ ದೀಪ ಹೆಚ್ಚು ಕಮ್ಮಿ ಆಗಬೇಕು. ದಾಕ್ತರು ತಿರುವಿದ್ರು. ದೀಪ ಒಮ್ಮೆ ಮಿನುಗಿತು, ಆರಿತು, ಮತ್ತ ಭಗ್ ಅಂತ ಬೆಳ್ಳಗಾಗಿ ಸುಟ್ಟೇ ಹೋತು. ಕಾಂಪೌಂಡರ್ ಚಾಂದ್‌ಪಾಷಾ ಡಬ್ಬಿ ಎಲ್ಲಾ ಹುಡುಕಿ ಇನ್ನೊಂದ ದೀಪ ಐತಿ ಅಂದ. ಪೆಟ್ಟಿಗಿ ಬಿಚ್ಚಿ ನೋಡಿದ್ರ ಗುಂಡಿ ಕೆಳಗಿನ ಹಿತ್ತಾಳಿ ಎಸಳು ಮುರದು ಬಿದ್ದಿತ್ತು.

ನೀವು ಕಾರ್ಖಾನ್ಯಾಗ ಇಂಥಾವು ನೋಡಿರ್ತೀರಿ, ಆದ್ರೂ ನನಗ ತಿಳದಷ್ಟು ಬರೀತೀನಿ. ಬಳಿಯಂಥ ಪಿಂಗಾಣಿ ಚಕ್ರಕ್ಕ ಕೂದಲದಂಥ ತಂತಿ ಒತ್ತೊತ್ತಾಗಿ ಸುತ್ತ್ಯಾರ. ಕರೆಂಟು ಆ ತಂತ್ಯಾಗ ಎಷ್ಟು ದೂರ ಹಾಯಬೇಕಾಗ್ತದೋ ಅಷ್ಟು ಅದರ ಜೋರು ಕಮ್ಮಿ ಆಗ್ತದಂತ. ಗುಂಡಿ ತಿರುವಿದಂಗ ಆ ಎಸಳಿನ ತುದಿ ತಂತಿ ಮ್ಯಾಲ ಸರೀತದ, ಅದು ಮುಟ್ಟಿದಲ್ಲಿಂದ ದೀಪಕ್ಕ ಕರೆಂಟು ಹೋಗ್ತದ. ಎಸಳು ತಂತೀನ ಸದಾ ಒತ್ತಿಕೊಂಡಿರಬೇಕು. ಸಡಲಾದ್ರ ದೀಪ ಆರ್ತದ, ಬಿಗಿಯಾದ್ರ ತಂತಿ ಹರೀತದ, ಮುರದು ತಂತಿ ದಾಟಿ ತಾಗಿದ್ರ ಕರೆಂಟು ಒಮ್ಮೆಲೆ ಹಾಯ್ದು ದೀಪ ಸುಡ್ತದ. ದಾಕ್ತರು ಇಷ್ಟನ್ನೂ ನಮಗ ತಿಳಿಸಿ ಹೇಳಿ, ಬೆಂಡೋಲಿ ಬೆಸದ ಅಗಸಾಲ್ಯಾ ಎಲ್ಲದಾನ ಅಂತ ಕೇಳಿದ್ರು.

ಮಾವನವರು ಹೊರಗ ಬೇವಿನ ಗಿಡದ ಕೆಳಗ ಕುಕ್ಕರಗಾಲಲೆ ಕುಂತಿದ್ರು. ಕರದ್ರ ಬಂದು ಕೈ ಮುಗದು ನಿಂತ್ರು. ಬೈತಾರ ಅಂತ ತಿಳಕೊಂಡಿದ್ರು, ಪಾಪ. "ನನ್ನ ಕೈಲೇ ಆಗೈತಿ ಸಾಹೇಬ್ರ, ನನ್ನ ಏನ ಬೇಕಾದ್ರೂ ಮಾಡ್ರಿ" ಅಂದ್ರು. ದಾಕ್ತರು ಅವರ ಹೆಸರು ಕೇಳಿ, ಪೆಟ್ಟಿಗಿ ಅವರ ಕೈಯಾಗ ಇಟ್ಟು, "ಮಾನಪ್ಪನವರ, ಇದರಾಗ ಒಂದು ಸ್ಪ್ರಿಂಗ್ ಕುಂಡ್ರಿಸಿ ಕೊಡ್ರಿ. ಉಳಿದಿದ್ದು ನಾ ನೋಡ್ಕೋತೀನಿ" ಅಂದ್ರು. ಮಾವನವರು ಆ ಮುರಕ ತುಂಡು ಉಗುರಲೆ ಮಿಡದು ನೋಡಿ, "ಹೂಂ, ಕಮಾನು. ಆಗ್ತದ" ಅಂದ್ರು. ಅವರ ದನಿ ಮರಳಿ ಬಂದದ್ದು ಆವಾಗ.

ಅಂಗಡಿಗೆ ಹೊಂಟಾಗ ತಿರುಗಿ ನೋಡಿ, "ಗ್ಯಾನವ್ವ, ನೀ ಬಾ" ಅಂದ್ರು. ನಾ ಕೂಸಿನ್ನ ಬಿಟ್ಟು ಬರಲಾರೆ ಅಂದೆ. "ನೀ ಬರಲಿಲ್ಲಂದ್ರ ಆಗಂಗಿಲ್ಲವ್ವ" ಅಂದ್ರು. ಯಾಕಂತ ನನಗೊಬ್ಬಾಕಿಗೆ ಗೊತ್ತಿತ್ತು. ಯುಗಾದಿ ಆದಮ್ಯಾಲಿಂದ ಸಣ್ಣ ತೂತಿನ ಕೆಲಸ ಬಂದ್ರ, ಕೊಂಡಿ ಪೋಣಸೋದು ಬಂದ್ರ, ಅವರು ನನ್ನ ಕರೀತಿದ್ರು. ಅವರ ಕಣ್ಣು ಮಬ್ಬಾಗ್ಯಾವರೀ. ದವಾಖಾನಿ ಆಯಾ ರಮಜಾನಬಿ ಅಮರಿನ್ನ ತನ್ನ ಎದಿಗೆ ಆನಿಸಿಕೊಂಡು ಕುಂತಿದ್ಲು, ಜೊಲ್ಲು ಒರಸ್ಕೋಂತ. "ಹೋಗಿ ಬಾ ಬೇಟಿ, ಈಕಿನ್ನ ನಾ ಅಲುಗಾಡಸೂದಿಲ್ಲ" ಅಂದ್ಲು. ಹೋದೆ. ಒಂದೊಂದು ಹೆಜ್ಜಿಗೂ ಕಾಲು ಹಿಂದಕ್ಕ ಎಳೀತಿತ್ತು. ದಾಕ್ತರೂ ಜೋಡಿಲೇ ಬಂದು ನಮ್ಮ ಗೋಣಿ ತಟ್ಟಿನ ಮ್ಯಾಲ ಕುಂತ್ರು.

ಬೆಳ್ಳಿ ಆಗಂಗಿಲ್ಲ, ಬಂಗಾರ ಮೊದಲ ಆಗಂಗಿಲ್ಲ, ಎರಡೂ ಬಾಗಿದಲ್ಲೇ ಉಳೀತಾವ ಅಂದ್ರು ಮಾವನವರು. ತೆಳು ಹಿತ್ತಾಳಿ ತಗಡಿನಾಗ ಬೆರಳುಗುರಿನ ಅಗಲ ಕತ್ತರಿಸಿ ಅಡಗಲ್ಲಿನ ಮ್ಯಾಲ ತಣ್ಣಗಿದ್ದಾಗಲೇ ಬಡದ್ರು. ಬಡದಷ್ಟೂ ಹಿತ್ತಾಳಿ ಬಿರುಸಾಗಿ ಪುಟೀತದ, ಬೆಂಕಿ ತೋರಿಸಿದ್ರ ಮತ್ತ ಮೆತ್ತಗ. ಹಂಗಾಗಿ ಬೆಸಿಗಿ ಹಾಕೂವಂಗಿಲ್ಲ, ಮೊಳಿ ಹೊಡದ ಕುಂಡ್ರಸಬೇಕು. ಒಂದ ಮೊಳಿ ಹೊಡದ್ರ ಎಸಳು ತಿರುಗಾಡ್ತದ, ಎರಡು ಬೇಕು. ತುದಿ ತುಸು ಮ್ಯಾಲಕ್ಕ ಬಾಗಿಸಿ, ತಂತಿಗೆ ಗೀರಬಾರದಂತ ನುಣ್ಣಗ ಉಜ್ಜಿದ್ರು. ಇಷ್ಟೂ ಅವರ ಬೆರಳು ಕಣ್ಣಿಲ್ಲದೇನ ಮಾಡಿದ್ವು. ಆದ್ರ ಗುಂಡಿಯ ಹಳೇ ತೂತಿಗೂ ಎಸಳಿನ ತೂತಿಗೂ ಹೊಂದಿಸಿ ಸೂಜಿಯಷ್ಟು ಮೊಳಿ ಇಳಸೋದು ಬಂದಾಗ, ಅವರು ಇಕ್ಕಳ ನನ್ನ ಕೈಗೆ ಕೊಟ್ರು. ದಾಕ್ತರ ಎದುರಿಗೆ, ಬಾಗಲದಾಗ ನಿಂತ ಓಣಿ ಮಂದಿ ಎದುರಿಗೆ. ಮಂದಿಯಾಗ ಗುಜುಗುಜು ಎದ್ದಿತು. ಮೊಳಿ ಹಿಡದೆ, ಅದು ತೂತಿನ ಬಾಜೂಕ ಜಾರಿತು. "ಅಮರಿನ್ನ ನೆನಸಬ್ಯಾಡ. ತೂತು ಒಂದ ನೋಡು" ಅಂದ್ರು ಮಾವನವರು. ತೂತು ಒಂದ ನೋಡಿದೆ.

ಮೊದಲ ಸಲ ಕುಂಡ್ರಿಸಿದ್ದು ಬಿಗಿ ಆತು. ಗುಂಡಿ ತಿರುವಿದ್ರ ತಂತಿ ಕರಕರ ಅಂತಿತ್ತು. ದಾಕ್ತರು ಕಿವಿಗೊಟ್ಟು ಕೇಳಿ ಬ್ಯಾಡ ಅಂತ ಕೈ ಹಿಡದ್ರು, ಒಂದು ಎಳಿ ಹರದ್ರೂ ಎಲ್ಲಾ ಹೋತು ಅಂದ್ರು. ನನಗ ಅಳು ಬಂತು. ಮಾವನವರು ಮೊಳಿ ಕಿತ್ತು, ಎಸಳನ್ನ ಅರದಿಂದ ನಡುವ ತುಸು ತೆಳ್ಳಗ ತಿಕ್ಕಿ, ಬೆರಳಲೆ ಮಿಡದು ನೋಡಿ ಮತ್ತ ಕೊಟ್ರು. ಮತ್ತ ಮೊಳಿ ಇಳಿಸಿದೆ. ಅವರು ನನ್ನ ಬೆರಳಿನ ಬಾಜೂಕ ಸುತ್ತಗಿಲೇ ಹಗೂರಕ ತಟ್ಟಿ ಮೊಳಿ ತಲಿ ಚಪ್ಪಟ ಮಾಡಿದ್ರು. ಈ ಸಲ ಸದ್ದಿಲ್ಲ. ಉಳಿದ ಆ ಒಂದು ದೀಪ ಹಾಕಿ ದಾಕ್ತರು ಗುಂಡಿ ತಿರುವಿದ್ರು. ಮೊದಲ ಕೆಂಪಗ, ಆಮ್ಯಾಲ ಹಳದಿ, ಆಮ್ಯಾಲ ಬೆಳ್ಳಗ. ಪೆಟ್ಟಿಗಿ ಅಲುಗಾಡಿಸಿದ್ರೂ ಆರಲಿಲ್ಲ.

ದವಾಖಾನ್ಯಾಗ ನನ್ನ ಒಳಗ ಬಿಡಲಿಲ್ಲ. ರಮಜಾನಬಿ ಅಮರಿನ್ನ ಚಾದರದಾಗ ಸುತ್ತಿ ತಲಿ ಹಿಡಕೊಂಡ್ಲು, ಚಾಂದ್‌ಪಾಷಾ ಕಾಲು ಹಿಡದ. ಪೆಟ್ಟಿಗಿ ಹಿಡಿಯಾಕ ದಾಕ್ತರು ಮಾವನವರನ್ನ ಕರದ್ರು. ಒಳಗ ಹೋಗೋಕಿಂತ ಮೊದಲ ನನ್ನ ಹತ್ರ ನಿಂತು, "ತಂಗಿ, ಇದನ್ನ ನಮ್ಮ ಉಸ್ತಾದರ ಪಕ್ಕದಾಗ ನಿಂತು ಕಲ್ತೀನಿ. ಒಬ್ಬನ ಇನ್ನ ಮಾಡಿಲ್ಲ. ಸುಳ್ಳು ಹೇಳಬಾರದಂತ ಹೇಳಿದೆ" ಅಂದ್ರು. ನಾ ಕೈ ಮುಗದೆ. ಅತ್ತಿಯವರು ಗುರುಗುಂಟಾ ಅಮರೇಶ್ವರನ ಹೆಸರು ಹಿಡದು ಕುಂತ್ರು. ಒಳಗಿಂದ "ಥೋಡಾ ಜಾಸ್ತಿ... ಬಸ್, ಬಸ್" ಅಂತ ದೀಪ ಹೆಚ್ಚು ಕಮ್ಮಿ ಮಾಡಸೂ ದಾಕ್ತರ ದನಿ ಅಷ್ಟ ಕೇಳಸ್ತಿತ್ತು. ಆಮ್ಯಾಲ ಅದೂ ನಿಂತಿತು. ಆ ಸುಮ್ಮನಿದ್ದ ಹೊತ್ತು ಎಷ್ಟಿತ್ತೋ ನಾ ಹೇಳಲಾರೆರೀ, ಅದನ್ನ ನೆನಸಿದ್ರ ಈಗೂ ಕೈಯಾಗಿನ ಲೆಕ್ಕಣಿಕಿ ನಿಂದರ್ತದ.

ಆಮ್ಯಾಲ ಅಮರಿ ಚೀರಿದ್ಲು. ಬಾಯಿ ತುಂಬ, ಗಂಟಲ ತುಂಬ ಅತ್ಲು. ಕೂಸಿನ ಅಳು ಅಷ್ಟು ಚಂದ ಅಂತ ನನಗ ಗೊತ್ತಿದ್ದಿಲ್ಲ. ದಾಕ್ತರು ಚಿಮಟಾದಾಗ ಬೆಂಡೋಲಿ ಹಿಡಕೊಂಡ ಹೊರಗ ಬಂದು, ಕಟ್ಟಿ ಮ್ಯಾಲ ಧೊಪ್ಪಂತ ಕುಂತು, ನೀರು ಕೊಡ್ರಿ ಅಂದ್ರು. ಅಂಗಿ ಎಲ್ಲಾ ಬೆವತಿತ್ತು. ಮಾವನವರು ಒಳಗ ಪೆಟ್ಟಿಗಿ ಹಿಡಕೊಂಡ ಹಂಗ ನಿಂತಿದ್ರು. "ಅಜ್ಜಾ, ಆತು, ಬಿಡ್ರಿ" ಅಂತ ಚಾಂದ್‌ಪಾಷಾ ಅವರ ಬೆರಳು ಒಂದೊಂದಾಗಿ ಬಿಡಿಸಿದ.

ಎರಡು ದಿನ ಬರೇ ಹಾಲಿನ ಮ್ಯಾಲ ಇಟ್ರು, ಜ್ವರ ಬರಲಿಲ್ಲ. ಬಸ್ಸಮ್ಮ ಸುದ್ದಿ ಕೇಳಿ ಮಸ್ಕಿಯಿಂದ ಬಂದಿದ್ಲು. ಆ ಬೆಂಡೋಲಿ ಬ್ಯಾಡ ಅಂತಾಳೇನೋ ಅಂತ ನಾವು ಅಂಜಿದ್ವಿ. ಆಕಿ ಅದನ್ನ ಕಣ್ಣಿಗೊತ್ತಿಕೊಂಡು, "ಒಂದು ಕೂಸಿನ ಆಯುಷ್ಯ ಮುಟ್ಟಿ ಬಂದೈತಿ, ನನ್ನ ಮಗಳು ಇದನ್ನ ಹಾಕ್ಕೊಂಡ ಮದಿವ್ಯಾಗ ಅಕ್ಕಿಕಾಳಿಗೆ ನಿಂದರ್ತಾಳ" ಅಂದ್ಲು. ದಾಕ್ತರು ಮಾವನವರ ಕಣ್ಣೂ ನೋಡ್ಯಾರ, ಪೊರಿ ಬಂದೈತಂತ. ಮಾಗಿ ಚಳಿಯಾಗ ರಾಯಚೂರಿಗೆ ಹೋಗಿ ತಗಸ್ರಿ ಅಂದಾರ. ಇವರು "ನೋಡೋಣ ತಗೀರಿ" ಅಂತಾರ. ನೀವು ಒಂದು ಮಾತು ಬರದ್ರ ಚಲೋ ಆಗ್ತದ. ಸಿಂಧನೂರಿಗೆ ನಮ್ಮಪ್ಪಗೂ ಕಾಗದ ಹಾಕೀನಿ.

ಅತ್ತಿ ಮಾವನವರು ನಿಮಗ ತುಂಬು ಮನಸಿಲೆ ಹರಸ್ಯಾರ. ಅಮರಿ "ಅಪ್ಪಗ ಏನ ಬರಿಯಾಕತ್ತಿ" ಅಂತ ಕೇಳಾಕತ್ತಾಳ. ಆಕಿ ಬೆರಳಿಗೆ ಮಸಿ ಹಚ್ಚಿ ಈ ಮೂಲ್ಯಾಗ ಒತ್ತಿಸೀನಿ, ಮುಟ್ಟಿ ನೋಡ್ರಿ.

ನಿಮ್ಮ ದಾರಿ ಕಾಯುವ
ಗ್ಯಾನಮ್ಮ

ತಾ.ಕ.: ಟಪಾಲು ಹೋಗೂ ಹೊತ್ತಾತು, ಲಗೂ ಬರೀತೀನಿ. ಮಂದಿ ಬಾಯಿಂದ ನಿಮ್ಮ ಕಿವಿಗೆ ಬೀಳೂಕಿಂತ ಮೊದಲ ನಾನ ಹೇಳಬೇಕು. ಸೋಮವಾರದಿಂದ ನಾನು ಅಂಗಡ್ಯಾಗ ಮಾವನವರ ಬಾಜೂಕ ಕುಂದ್ರಾಕತ್ತೀನಿ. ಅವರು ಕಲಸಾಕತ್ತಾರ, ನಾ ಕಲಿಯಾಕತ್ತೀನಿ. ಹೆಂಗಸು ಅಡಗಲ್ಲಿನ ಮುಂದ ಕುಂತ್ರ ಕುಲ ಕೆಡ್ತದ ಅಂತ ಓಣ್ಯಾಗ ಅನ್ನಾಕತ್ತಾರ. ಅತ್ತಿಯವರು ಬಾಗಲದಾಗ ಕುಂತು ಅವರಿಗೆ ತಕ್ಕ ಉತ್ತರ ಕೊಡಾಕತ್ತಾರ. ನೀವು ಅಂಗಡಿ ಬಿಟ್ಟು ಏಳು ಅಂತ ಬರೀಬ್ಯಾಡ್ರಿ, ಬರದ್ರೂ ನಾ ಏಳಂಗಿಲ್ಲ, ಸಿಟ್ಟು ಮಾಡ್ಕೋಬ್ಯಾಡ್ರಿ. ಸಂಕ್ರಾಂತಿಗೆ ಬರೂಮುಂದ ನನಗ ಸೀರಿ ತರಬ್ಯಾಡ್ರಿ. ಒಂದು ಸಣ್ಣ ಸುತ್ತಗಿ ತರ್ರಿ. ಮಾವನವರದು ನನ್ನ ಕೈಗೆ ಭಾರ ಆಗ್ತದ.