ರತ್ನಮ್ಮ ಒಲ್ಲೆ ಎಂದರು

ಶೆಫೀಲ್ಡ್
೧೪ ನವೆಂಬರ್ ೨೦೦೩

ಪ್ರೀತಿಯ ಅವ್ವಗೆ ಶೋಭಾಳ ನಮಸ್ಕಾರಗಳು.

ಇವರ ಸ್ನೇಹಿತ ಡಾಕ್ಟರ್ ರಾಜಶೇಖರ ಅವರ ಕ್ಷಮೆ ಕೇಳಿಬಿಡು ಎಂದು ಫೋನಿನಲ್ಲಿ ಹೇಳಿದೆಯಲ್ಲ, ನಿನಗೆ ನಿನ್ನ ಅಳಿಯ ಹೇಳಿದ್ದಷ್ಟೇ ಗೊತ್ತು. ನಡೆದದ್ದನ್ನು ನನ್ನಿಂದ ಕೇಳು.

ರಾಜಶೇಖರ ಅವರ ತಾಯಿ ರತ್ನಮ್ಮ ಗದಗಿನವರು, ಬಹಳ ವರ್ಷದಿಂದ ಇಲ್ಲೇ ಮಗನ ಹತ್ತಿರ ಇದ್ದಾರೆ. ಈಗ ಹೊಟ್ಟೆಯಲ್ಲಿ ಕ್ಯಾನ್ಸರ್. ಆಪರೇಷನ್ ಮಾಡಿದರೆ ಕೆಲವು ತಿಂಗಳು ಹೆಚ್ಚು ಬದುಕಬಹುದು, ಅಷ್ಟೇ. ರೋಗಿಯ ಮಾತನ್ನು ಮನೆಯವರ ಬಾಯಿಂದ ಕೇಳಬಾರದೆಂದು ಸರ್ಜನ್ ದುಭಾಷಿಯಾಗಿ ನನ್ನನ್ನು ಕರೆಸಿದ್ದರು.

ಅವರು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ತಿಳಿಸಿದೆ. ರತ್ನಮ್ಮ ಸೆರಗು ಸರಿಪಡಿಸಿಕೊಂಡು, "ನಾ ಒಲ್ಲೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ರಾಜಶೇಖರ ಇಂಗ್ಲಿಷಿನಲ್ಲಿ, ಅಮ್ಮನಿಗೆ ಸ್ವಲ್ಪ ಹಿಂಜರಿಕೆ, ಒಪ್ಪುತ್ತಾರೆ ಎಂದುಬಿಟ್ಟರು. ಸರ್ಜನ್ ನನ್ನ ಮುಖ ನೋಡಿದರು.

ಅವ್ವ, ನೀನೇ ಹೇಳು. ಹಿಂಜರಿಯುವವರು 'ನೋಡೋಣು' ಅನ್ನುತ್ತಾರೆ. ಊಟಕ್ಕೆ ಕೂತವರು 'ಬ್ಯಾಡ' ಎಂದರೂ ನೀನು ಒಂದು ಸೌಟು ಬಡಿಸಿಯೇ ಬಿಡುತ್ತೀಯ. 'ಒಲ್ಲೆ' ಎಂದರೆ ಕೈ ಹಿಂದಕ್ಕೆ ಬರುತ್ತದೆ. ಮನಸ್ಸಿಲ್ಲ, ಮಾಡುವುದೂ ಇಲ್ಲ, ಎರಡೂ ಆ ಮಾತಿನಲ್ಲಿವೆ.

ರತ್ನಮ್ಮ ನಿರಾಕರಿಸುತ್ತಿದ್ದಾರೆ ಎಂದು ಸರ್ಜನ್‌ಗೆ ಸ್ಪಷ್ಟವಾಗಿ ಹೇಳಿದೆ. ರಾಜಶೇಖರ ರೇಗಿದರು: "ನನಗ ಕನ್ನಡ ಕಲಸಬ್ಯಾಡ್ರಿ. ಒಲ್ಲೆ ಅಂದ್ರ ಮನಸ್ಸಿಲ್ಲ ಅಂತ, ಅಷ್ಟ!"

ರತ್ನಮ್ಮ ಮಗನ ಕಡೆ ತಿರುಗಿದರು. "ಮನಸ್ಸು ನಂದಲ್ಲೇನೋ? ಕೊಯ್ಸಿಕೊಂಡು ಮಲಗೂದು ಒಲ್ಲೆ. ಇರೂ ಮಟ ಮನ್ಯಾಗ ಇರ್ತೀನಿ."

ಅದನ್ನೂ ಹಾಗೆಯೇ ಹೇಳಿದೆ. ಸರ್ಜನ್ ಆಪರೇಷನ್ ಕೈಬಿಟ್ಟು ನೋವಿಗೆ ಔಷಧ ಬರೆದರು. ಹೊರಗೆ ರಾಜಶೇಖರ ಗೋಡೆಗೆ ಮುಖ ಮಾಡಿ ಅತ್ತರು. ನನಗೂ ಸಂಕಟವಾಯಿತು. ಆದರೆ ಮಗನ ದುಃಖಕ್ಕಾಗಿ ತಾಯಿಯ ಮಾತನ್ನು ತಿದ್ದುವ ಹಕ್ಕು ನನಗೆಲ್ಲಿದೆ?

ಸ್ನೇಹಿತನ ಎದುರು ತಲೆ ಎತ್ತದಂತೆ ಮಾಡಿದೆ, ಕ್ಷಮೆ ಕೇಳು, ಈ ಕೆಲಸ ಬಿಡು ಎಂದು ಇವರು ಹಟ ಹಿಡಿದಿದ್ದಾರೆ. ನೀನೂ ಅದನ್ನೇ ಹೇಳಿದೆ. ನಿನ್ನ ಮಾತು ಮೀರಿದವಳಲ್ಲ ನಾನು. ಈ ಸಲ ಮೀರುತ್ತೇನೆ. ಕ್ಷಮೆ ಕೇಳಲು ಒಲ್ಲೆ.

ನಿನ್ನ ಮಗಳು,
ಶೋಭಾ

ಮತ್ತೊಂದು ಮಾತು: ದುಭಾಷಿಗಳ ಪಾಳಿ ಪಟ್ಟಿ ನೋಡಿಕೊಳ್ಳುವ ಕಾಯಂ ಕೆಲಸ ಸಿಕ್ಕಿದೆ, ಒಪ್ಪಿ ಸಹಿ ಹಾಕಿಬಂದೆ. ಇವರಿಗಿನ್ನೂ ಹೇಳಿಲ್ಲ. ಹೆದರಿಕೆಯೂ ಆಗುತ್ತಿದೆ. ಫೋನ್ ಬಂದಾಗ ನೀನು ಬಾಯಿ ತಪ್ಪಿಯೂ ಹೇಳಬೇಡ. ಇವರ ಮುಖ ನೋಡಿ ನಾನೇ ಹೇಳಬೇಕು.