ಬಿಳಿ ಚೆಂಡು ಭಾವನದು

ಪಲ್ಲಾವರಂ, ಚೆನ್ನೈ
೧೪ ಜನವರಿ ೨೦೨೬, ಭೋಗಿ

ಪ್ರೀತಿಯ ರಂಜಿ ಅಕ್ಕನಿಗೆ ಸುಜಿ ಮಾಡುವ ನಮಸ್ಕಾರ.

ಸೋಮವಾರದಿಂದ ನೀನು ಕಳಿಸಿದ ಒಂದು ಮೆಸೇಜಿಗೂ ಉತ್ತರ ಕೊಟ್ಟಿಲ್ಲ, ಬೈಯಬೇಡ. ಟೈಪ್ ಮಾಡಲು ಕೂತರೆ ಎರಡು ಸಾಲು ಬರೆದು ಅಳಿಸಿಬಿಡುತ್ತೇನೆ. ಅದಕ್ಕೇ ಈ ವಾಯ್ಸ್ ನೋಟು. ಬಾಲ್ಕನಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ, ಮಧ್ಯೆ ವಿಮಾನ ಹೋದರೆ ಸ್ವಲ್ಪ ತಡೆದುಕೋ. ನನ್ನ ಮಗರಾಯ ಅನಿಕೇತ್ ಈಗಷ್ಟೇ ಇಣುಕಿ, "ಅಪ್ಪಾ, ವಾಯ್ಸ್ ನೋಟ್‌ಲ ಯಾರಾವದು ಡೇಟ್ ಸೊಲ್ಲುವಾಂಗಳಾ?" ಎಂದು, ನಾನು ತಾರೀಕು ಹೇಳಿದ್ದಕ್ಕೆ ನಕ್ಕು ಹೋದ. ಅವನಿಗೇನು ಗೊತ್ತು. ನನಗೆ ತಾರೀಕು, ನಮಸ್ಕಾರ, ಕೊನೆಗೊಂದು ಸಹಿ ಇಲ್ಲದಿದ್ದರೆ ನಿನ್ನ ಜೊತೆ ಮಾತಾಡಿದ ಹಾಗೇ ಅನ್ನಿಸುವುದಿಲ್ಲ.

ಅಕ್ಷಯಾ ಎದ್ದು ಓಡಾಡುತ್ತಿದ್ದಾಳಾ? ಪುಣೆಯ ಚಳಿಯಲ್ಲಿ ಬಾಣಂತಿ ಮಗಳ ಕಿವಿಗೆ ಹತ್ತಿ ಇಡು. ಮಗುವಿನ ಫೋಟೋ ನೋಡಿದೆ, ಮೂಗು ಥೇಟ್ ಭಾವನದೇ. ಪಾಪ, ಹೆಣ್ಣು ಮಗು, ದೊಡ್ಡದಾಗುತ್ತ ಸರಿಹೋಗಲಿ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. "ನಿಮ್ಮ ಭಾವ ಮ್ಯಾಚಿನ ಬಗ್ಗೆ ಬಾಯೇ ಬಿಡ್ತಿಲ್ಲ, ಏನಾಯ್ತೋ?" ಎಂದು ಕೇಳಿದ್ದೆಯಲ್ಲ. ಸೋತರು ಅಕ್ಕಾ. ಸೋತಿದ್ದಷ್ಟೇ ಆಗಿದ್ದರೆ ಸೋಮವಾರವೇ ಹೇಳಿಬಿಡುತ್ತಿದ್ದೆ.

ಹನ್ನೊಂದು ದೇಶದವರು ಬಂದಿದ್ದರು. ಎಗ್ಮೋರಿನ ಆ ಹಾಲ್ ನೋಡಬೇಕಿತ್ತು ನೀನು, ಮದುವೆ ಮನೆಯ ಹಾಗೆ ದೀಪ. ಇವರ ಬಿಲಿಯರ್ಡ್ಸ್ ಮೇಜಿಗೆ ತೂತೂ ಇಲ್ಲ, ಬಲೆಯೂ ಇಲ್ಲ. ಕಲ್ಲಿನ ಹಾಸಿನ ಕೆಳಗೆ ಹೀಟರ್ ಇಟ್ಟು ಬೆಚ್ಚಗೆ ಮಾಡುತ್ತಾರೆ, ಮೇಲೆ ಹೊದಿಸಿದ ಬಟ್ಟೆ ಒಣಗಿದ್ದರೆ ಚೆಂಡು ಓಡುತ್ತದೆ ಎಂದು. ಕ್ಯಾಂಟೀನ್ ವಹಿಸಿಕೊಂಡಿದ್ದ ನಮ್ಮ ಕಿಟ್ಟಣ್ಣ ಅದನ್ನು ಮುಟ್ಟಿ ನೋಡಿ, "ಎಂತ ಮಾರಾಯ್ರೆ, ಮದ್ರಾಸಲ್ಲಿ ಮೇಜಿಗೂ ಬಿಸಿ ಬೇಕಾ? ನನ್ನ ದೋಸೆ ಕಾವಲಿ ಸಾಕಾಗುದಿಲ್ವಾ?" ಎಂದು ನಗಿಸಿದ.

ನಿನಗೆ ಈ ಆಟ ಯಾವತ್ತೂ ತಲೆಗೆ ಹತ್ತಲಿಲ್ಲ, ಆದರೂ ಇಷ್ಟು ಕೇಳಿಸಿಕೋ. ಇರುವುದು ಮೂರೇ ಚೆಂಡು: ಬಿಳಿ, ಹಳದಿ, ಕೆಂಪು. ಒಬ್ಬನಿಗೆ ಬಿಳಿ, ಇನ್ನೊಬ್ಬನಿಗೆ ಹಳದಿ, ಆಟ ಮುಗಿಯುವವರೆಗೂ. ತನ್ನ ಚೆಂಡನ್ನು ಹೊಡೆದು, ಅದು ಮೇಜಿನ ಅಂಚಿಗೆ ಮೂರು ಸಲವಾದರೂ ಬಡಿದು, ಉಳಿದ ಎರಡನ್ನೂ ಮುಟ್ಟಬೇಕು. ಎದುರಾಳಿಯ ಚೆಂಡನ್ನು ಹೊಡೆದರೆ ಫೌಲು. ಇದು ಮಕ್ಕಳು ಮಾಡುವ ತಪ್ಪು. ರೈಲ್ವೆ ಇನ್‌ಸ್ಟಿಟ್ಯೂಟಿನ ಮೇಜಿನ ಮೇಲೆ ಮೂವತ್ತು ವರ್ಷ ಆಡಿದ ನಮ್ಮ ಭಾವ ವಿಷ್ಣುತೀರ್ಥಾಚಾರ್ ಮಾಡುವ ತಪ್ಪಲ್ಲ.

ನಾನೇ ರೆಫರಿ. ಇರಬೇಕಾದವನಿಗೆ ಡೆಂಗಿ. ಭಾವನದು ಬಿಳಿ ಚೆಂಡು. ಎದುರಾಳಿ ಕೊರಿಯಾದ ಹುಡುಗ, "ಬ್ರದರ್ ಇನ್ ಲಾ? ನೋ ಪ್ರಾಬ್ಲಂ" ಎಂದು ತಲೆ ಬಾಗಿಸಿದ. ಭಾವ ಮಾತ್ರ ನನ್ನ ಬೋ ಟೈ ಸರಿಮಾಡಿ, "ಭಾವಮೈದ ಅಂತ ಒಂದು ಪಾಯಿಂಟ್ ಜಾಸ್ತಿ ಕೊಟ್ಟೆ, ಕಾಲು ಮುರಿದೇನು" ಎಂದರು.

ಶುರುವಿನಲ್ಲಿ ಎಷ್ಟು ಚೆಂದ ಆಡಿದರು ಗೊತ್ತಾ? ಆದರೆ ಒಂದು ವಿಚಿತ್ರ ಕಂಡೆ. ಆ ಹುಡುಗ ಆಡುವಾಗಲೂ ಇವರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನಿಂತೇ ಇದ್ದರು, ನೀರೂ ಕುಡಿಯಲಿಲ್ಲ, ತಮ್ಮ ಚೆಂಡಿನ ಮೇಲಿಂದ ಕಣ್ಣೇ ತೆಗೆಯಲಿಲ್ಲ. ಏನು ಏಕಾಗ್ರತೆ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟೆ.

ಅರ್ಧ ಆಟದಲ್ಲಿ ಹುಡುಗ ತನ್ನ ಸರದಿ ಮುಗಿಯುತ್ತಲೇ ಚೆಂಡು ಒರೆಸಿಕೊಡಿ ಎಂದ. ಅದು ರೆಫರಿಯ ಕೆಲಸ. ಜಾಗ ಗುರುತು ಹಾಕಿ, ಮೂರನ್ನೂ ಎತ್ತಿ, ಬಟ್ಟೆಯಲ್ಲಿ ಒರೆಸಿ, ಇದ್ದಲ್ಲೇ ಇಟ್ಟೆ. ಮೇಜಿನ ಮೇಲೆ ಬಗ್ಗಿ ಕೆಲಸ ಮಾಡುವಾಗ ನನ್ನ ಬೆನ್ನು ಭಾವನಿಗೆ ಅಡ್ಡವಾಗಿತ್ತು. ಮುಂದಿನ ಸರದಿ ಅವರದು. ಬಂದು ನಿಂತರು. ಬಿಳಿಯನ್ನು ನೋಡಿದರು, ಹಳದಿಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅಕ್ಕಾ, ಆಟಗಾರ ಕೇಳಿದರೆ, ನಿನ್ನ ಚೆಂಡು ಇದು ಎಂದು ರೆಫರಿ ಹೇಳಬಹುದು. ಕೇಳದೆ ಬಾಯಿ ಬಿಡುವ ಹಾಗಿಲ್ಲ. ಕೇಳಿ ಭಾವ, ಕೇಳಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಕೇಳಿದರೆ ಗ್ಯಾಲರಿಯಲ್ಲಿ ಕೂತ ರೈಲ್ವೆಯವರಿಗೆಲ್ಲ ಗೊತ್ತಾಗಿಬಿಡುತ್ತದಲ್ಲ. ಅವರು ಕೇಳಲಿಲ್ಲ. ಬಗ್ಗಿ ಹಳದಿಯನ್ನು ಹೊಡೆದರು.

ಎಂಥಾ ಹೊಡೆತ! ಅಂಚು, ಅಂಚು, ಅಂಚು, ಕೆಂಪು, ಬಿಳಿ. ಚಪ್ಪಾಳೆ ಶುರುವಾಯಿತು. ಆ ಚಪ್ಪಾಳೆಯ ಮಧ್ಯೆ ನಾನು "ಫೌಲ್, ರಾಂಗ್ ಬಾಲ್" ಎಂದು ಹೇಳಬೇಕಾಯಿತು.

ಆಮೇಲೆ ಇನ್ನೊಂದು ಸಲ ಹಾಗೇ ತಡಬಡಾಯಿಸಿದಾಗ ಆ ಕೊರಿಯಾದ ಹುಡುಗ, ನಾನು ನೋಡುತ್ತಿಲ್ಲ ಎಂದುಕೊಂಡು, ಗಲ್ಲದಿಂದ ಬಿಳಿ ಚೆಂಡನ್ನು ತೋರಿಸಿದ. ಭಾವ ಕಂಡರು. ಅಲ್ಲಿಗೆ ಅವರ ಆಟ ಮುಗಿಯಿತು, ಕೈಯೇ ಓಡಲಿಲ್ಲ.

ಹೊರಗೆ ಅವರ ರೈಲಿನ ಗಾರ್ಡು ಬಾಬು ಕಾಫಿ ಹಿಡಿದು ಕಾಯುತ್ತಿದ್ದ. "ಎನ್ನ ಸಾರ್, ಅಡುತ್ತವನ್ ಬಾಲ್ ಅಡಿಕ್ಕಿರೀಂಗ! ಭೋಗಿ ದಿನ ಇನ್ನೊಬ್ಬರ ಟ್ರೈನ್ ಓಡಿಸ್ಕೊಂಡು ಹೋಗ್ಬಿಡ್ಬೇಡಿ!" ಬೇರೆಯವನ ಚೆಂಡು ಹೊಡೆದಿರಲ್ಲ ಎಂದು ಅವನ ತಮಾಷೆ. ಎಲ್ಲರೂ ನಕ್ಕರು. ಭಾವನೂ ನಕ್ಕರು. ನಾನು ಕಾಫಿ ಲೋಟ ಹಾಗೇ ಕೆಳಗಿಟ್ಟೆ. ತಾಂಬರಂನಿಂದ ಬೀಚ್ ಸ್ಟೇಷನ್ನಿಗೆ ದಿನಾ ಲೋಕಲ್ ಟ್ರೈನ್ ಓಡಿಸುವ ಮೋಟರ್‌ಮ್ಯಾನ್ ಇವರು. ಬಿಳಿ ಯಾವುದು, ಹಳದಿ ಯಾವುದು ಎಂದು ಎರಡು ಅಡಿ ದೂರದಿಂದ ಗೊತ್ತಾಗಲಿಲ್ಲ.

ಸಂಜೆಯೇ ತಾಂಬರಂಗೆ, ನಿನ್ನ ಮನೆಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

"ಯಾವಾಗಿಂದ ಭಾವ?"

"ಏನು ಯಾವಾಗಿಂದ? ಒಂದು ಮ್ಯಾಚ್ ಸೋತೆ, ಪೊಲೀಸ್ ಥರ ಬಂದು ನಿಂತಿದ್ದೀಯಲ್ಲ."

"ಕಣ್ಣು."

ಸೌಟು ಕೆಳಗಿಟ್ಟರು. "ಹೋದ ಮೆಡಿಕಲ್ ಚೆಕಪ್‌ನಲ್ಲಿ ಚೆನ್ನಾಗೇ ಇತ್ತಪ್ಪಾ. ಆಮೇಲೆ ಶುರುವಾಯ್ತು. ಕೆಂಪು ಗೊತ್ತಾಗತ್ತೆ. ಹಳದಿ, ಹಸಿರು ಎರಡೂ ಬೆಳ್ಳಗೆ ಒಂದು ಬೆಳಕು, ಅಷ್ಟೇ. ಅದಕ್ಕೇನೀಗ? ಸಿಗ್ನಲ್ ಕಂಬದಲ್ಲಿ ಎಷ್ಟನೇ ದೀಪ ಉರೀತಿದೆ ನೋಡಿದ್ರೆ ಸಾಕು. ಬಣ್ಣ ನೋಡಿ ಓಡ್ಸೋರು ಹೊಸಬರು."

"ಕಂಬನೇ ಕಾಣದಿದ್ರೆ?"

"ಚೆನ್ನೈಲಿ ಮಂಜು ಎಲ್ಲಿಂದ ಬಂತೋ?"

"ಬುಧವಾರ ಭೋಗಿ ಭಾವ."

ನಿನಗೆ ಗೊತ್ತಲ್ಲ ಅಕ್ಕಾ, ಭೋಗಿ ಬೆಳಗ್ಗೆ ಈ ಊರು ಹೇಗಿರುತ್ತದೆ. ಚಾಪೆ, ತಲೆದಿಂಬು, ಹಳೇ ಟೈರು ಎಲ್ಲ ಬೀದಿಯಲ್ಲಿ ಸುಟ್ಟು, ಕೈ ಚಾಚಿದರೆ ಬೆರಳು ಕಾಣದಷ್ಟು ಹೊಗೆ. ಆ ಹೊಗೆಯಲ್ಲಿ ಕಂಬ, ಎಷ್ಟನೇ ದೀಪ, ಯಾವುದೂ ತಿಳಿಯುವುದಿಲ್ಲ. ಬಣ್ಣ ಮಾತ್ರ ಒಂದು ಚೂರು ಕಾಣುತ್ತದೆ. ಭೋಗಿ ದಿನ ಮುಂಜಾನೆಯ ಡ್ಯೂಟಿ ಇವರದೇ.

"ನೀವೇ ಹೇಳಿಬಿಡಿ ಭಾವ. ಸಂಬಳ ಕಡಿಮೆ ಮಾಡಲ್ಲ, ಬೇರೆ ಕೆಲಸ ಕೊಡ್ತಾರೆ."

"ಯಾವ ಕೆಲಸ? ಫೈಲ್ ಎತ್ತಿ ಕೊಡೋದಾ? ಆಗಸ್ಟ್‌ಗೆ ರಿಟೈರ್ ಆಗ್ತೀನಿ. ಕ್ಯಾಬಿನಿಂದ ಇಳಿದು ಹಾರ ಹಾಕಿಸ್ಕೊಂಡು ಮನೆಗೆ ಬರ್ತೀನಿ. ಮಧ್ಯದಲ್ಲಿ ಕುರುಡ ಅನ್ನಿಸ್ಕೊಂಡು ಇಳಿಯಲ್ಲ. ನಿಮ್ಮಕ್ಕಂಗೆ ಹೇಳ್ಬೇಡ, ಅವಳಿಗೇನೂ ಗೊತ್ತಿಲ್ಲ. ಮಗು ಇರೋ ಮನೇಲಿದ್ದಾಳೆ."

ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದೆ. "ಹೇಳು ಹೋಗು, ಪಾತ್ತುಕ್ಕಲಾಂ, ನೋಡ್ಕೊಳ್ಳೋಣ" ಎಂದು ಸಾರು ಬಡಿಸಿದರು. ಇಬ್ಬರೂ ಊಟ ಮಾಡಿದೆವು ಅಕ್ಕಾ. ಸಾರು ಚೆನ್ನಾಗಿಯೇ ಇತ್ತು.

ಮರುದಿನವೆಲ್ಲ ಫೋನು ನೋಡುತ್ತ ಕಳೆದೆ. ಅವರಿಂದ ಏನೂ ಬರಲಿಲ್ಲ. ಇವತ್ತು ಬೆಳಕು ಹರಿಯುವ ಮುಂಚೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಸ್ಕೂಟರಿನಲ್ಲಿ ತಾಂಬರಂ ಸ್ಟೇಷನ್ನಿಗೆ ಹೋದೆ. ಮೋಟರ್‌ಮ್ಯಾನುಗಳು ಡ್ಯೂಟಿಗೆ ಹಾಜರಿ ಹಾಕುವ ಕೋಣೆಯಲ್ಲಿ ಭಾವ ಕುಡಿದಿಲ್ಲವೆಂದು ಊದಿ ತೋರಿಸುವ ಪರೀಕ್ಷೆ ಮುಗಿಸಿ, ಚೀಲ ಹೆಗಲಿಗೆ ಹಾಕಿ ನಿಂತಿದ್ದರು. ಮೇಜಿನ ಹಿಂದೆ ಸೂಪರ್‌ವೈಸರು. ಭಾವನ ಮುಂದೆಯೇ ಹೇಳಿದೆ, ಇವರಿಗೆ ಹಳದಿ ಕಾಣುವುದಿಲ್ಲ, ಇವತ್ತು ಗಾಡಿ ಕೊಡಬೇಡಿ ಎಂದು. ಹೇಗೆ ಗೊತ್ತು ಎಂದು ಆತ ಕೇಳಿದ. ಬಿಲಿಯರ್ಡ್ಸ್‌ನಲ್ಲಿ ಬೇರೆಯವರ ಚೆಂಡು ಹೊಡೆದರು ಎಂದೆ. ಹೇಳುವಾಗಲೇ ಅದೆಷ್ಟು ಹುಚ್ಚುಮಾತು ಎಂದು ನನಗೇ ಅನ್ನಿಸಿತು.

ಆತ ಬಿದ್ದು ಬಿದ್ದು ನಕ್ಕ. "ಬಾಲ್ ಮಾತ್ತಿ ಅಡಿಚದುಕ್ಕಾ, ಚೆಂಡು ಬದಲಾಯ್ಸಿ ಹೊಡೆದಿದ್ದಕ್ಕಾ? ಅಪ್ಪೊ ಕ್ಯಾರಂ ಆಡೋರನ್ನೆಲ್ಲ ಮನೆಗೆ ಕಳಿಸ್ಬೇಕು!" ಆಮೇಲೆ ತಮಾಷೆಗೇ ಎದೆ ಉಬ್ಬಿಸಿ, ಪೊಂಗಲಿಗೆ ಹೊಲಿಸಿದ ಹೊಸ ಅಂಗಿಯ ಕಾಲರು ಎಳೆದು ತೋರಿಸಿ, "ಸೊಲ್ಲುಂಗ ಸಾರ್, ನಮ್ಮ ಸಟ್ಟೈ ಎನ್ನ ಕಲರ್?" ಎಂದು ಅಂಗಿಯ ಬಣ್ಣ ಕೇಳಿದ.

"ವೆಳ್ಳೈ" ಎಂದರು ಭಾವ. ಬಿಳಿ. ತಡವರಿಸಲೂ ಇಲ್ಲ.

ಅದು ತಿಳಿ ಹಳದಿ ಅಂಗಿ ಅಕ್ಕಾ. ಆತನ ನಗು ಹಾಗೇ ಮುಖದ ಮೇಲೆ ಉಳಿದುಹೋಯಿತು. ಭಾವ ಕೋಣೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಚೀಲ ಹೆಗಲಿಂದ ಇಳಿಸಿ ಮೇಜಿನ ಮೇಲಿಟ್ಟು, "ವೇರೆ ಆಳ್ ಪೋಡುಂಗ" ಎಂದರು. ಬೇರೆಯವರನ್ನು ಹಾಕಿ ಎಂದು.

ಗಾಡಿ ಸ್ವಲ್ಪ ತಡವಾಗಿ ಹೊರಟಿತು, ಅಷ್ಟೇ. ಪ್ಲಾಟ್‌ಫಾರ್ಮಿನ ಮೇಲೆ ಹೊಗೆಯಲ್ಲಿ ಇಬ್ಬರೂ ನಿಂತಿದ್ದೆವು. ಮನೆಗೆ ಬಿಡುತ್ತೇನೆ ಎಂದು ಸ್ಕೂಟರಿನ ಕೀ ತೆಗೆದೆ. "ನೀನು ರೆಫರಿನೇ ಕಣೋ ಸುಜಿ. ಜೀವಮಾನದಲ್ಲಿ ಆಡ್ದೋನಲ್ಲ" ಎಂದು ಮೆಟ್ಟಿಲು ಹತ್ತಿ ಹೊರಟುಹೋದರು. ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡಕುತ್ತಿದ್ದರು. ಅದು ಹೊಗೆಯಿಂದಲೋ ಕಣ್ಣಿನಿಂದಲೋ, ಗೊತ್ತಾಗಲಿಲ್ಲ.

ಈಗ ನನ್ನ ಫೋನು ಎತ್ತುತ್ತಿಲ್ಲ. ನೀನು ಮಾಡು, ನಿನ್ನದು ಎತ್ತುತ್ತಾರೆ. ನಿನಗೆ ಗೊತ್ತಿಲ್ಲದ ವಿಷಯವನ್ನು ಹೀಗೆ ಒಂದೇ ಉಸಿರಿಗೆ ಹೇಳಿದ್ದಕ್ಕೆ ಕ್ಷಮಿಸು. ಅಕ್ಷಯಾಗೆ ಸದ್ಯಕ್ಕೆ ಬೇಡ, ಹಾಲೂಡಿಸುವವಳು. ಮಗುವಿಗೆ ನನ್ನ ಆಶೀರ್ವಾದ. ನೂರು ವರ್ಷ ಬಾಳಲಿ, ಎಲ್ಲ ಬಣ್ಣವನ್ನೂ ಕಣ್ತುಂಬ ನೋಡಲಿ.

ನಿನ್ನ ತಮ್ಮ,
ಸುಜಯೀಂದ್ರ

ಸೇರಿಸಿ ಹೇಳುವುದು. ೧೫ ಜನವರಿ, ಸಂಕ್ರಾಂತಿ.

ಅಕ್ಕಾ, ನಿನ್ನ ಉತ್ತರ ಬಂತು. ಎಳ್ಳು ಬೀರಲು ಹೊರಟವನು ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದು ಕೂತೆ. "ಯುಗಾದಿಯಿಂದ ನಂಗೆ ಗೊತ್ತಿತ್ತು ಕಣೋ" ಎಂದೆಯಲ್ಲ. ಬೇರೆ ಹೆಸರು ಬರೆಸಿ ಕಣ್ಣಿನ ಡಾಕ್ಟರ ಹತ್ತಿರ ನೀನೇ ಕರೆದುಕೊಂಡು ಹೋಗಿದ್ದೆಯಂತೆ. ಆಗಸ್ಟ್‌ವರೆಗೆ ಹೇಗಾದರೂ ತಳ್ಳೋಣ ಎಂದು ನೀನೇ ಹೇಳಿದ್ದೆಯಂತೆ. ಅದೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ಕೊನೆಗೆ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. "ಅನಿಕೇತ್ ಹುಟ್ಟುಹಬ್ಬಕ್ಕೆ ಮೆಟ್ರೋ ಕಾರ್ಡ್ ಯಾಕೆ ಕೊಟ್ಟೆ ಅಂದ್ಕೊಂಡೆ? ನಿನ್ನ ಮಗನ್ನ ಆವತ್ತೇ ಆ ಗಾಡಿಯಿಂದ ಇಳಿಸಿದ್ದೆನಲ್ಲೋ. ಇನ್ನೇನು ಬೇಕಿತ್ತು ನಿಂಗೆ?"

ಅನಿಕೇತನನ್ನು ಕರೆದು ಕೇಳಿದೆ. ಕಾರ್ಡು ಅವನ ಮೇಜಿನ ಡ್ರಾಯರಿನಲ್ಲಿ, ನೀನು ಕೊಟ್ಟ ಕವರಿನಲ್ಲೇ ಇದೆ. ಗೆಳೆಯರೆಲ್ಲ ಲೋಕಲ್ ಟ್ರೈನಿನಲ್ಲೇ ಹೋಗುತ್ತಾರೆಂದು ಒಂದು ದಿನವೂ ಉಪಯೋಗಿಸಿಲ್ಲವಂತೆ. "ಮಾವಾ ವಂಡಿ ವಂದಾ ಫಸ್ಟ್ ಕೋಚ್‌ಲ ತಾನ್ ಪಾ ಏರುವೇನ್" ಎಂದ. ಮಾವನ ಗಾಡಿ ಬಂದರೆ ಓಡಿ ಹೋಗಿ ಎಲ್ಲಕ್ಕಿಂತ ಮುಂದಿನ ಡಬ್ಬಿಗೇ ಹತ್ತುತ್ತಿದ್ದನಂತೆ. ಅಲ್ಲಿ ನಿಂತರೆ ಮಾವ ಕೈ ಬೀಸುತ್ತಾರೆ ಎಂದು.